ಯಾರ ಧ್ಯೇಯವಾಕ್ಯ?

ಈಗ ಯಾವ ಕಾಲೇಜಿಗೆ ಹೋದರೂ ಬಾಗಿಲಲ್ಲೇ ‘ವಿಷನ್’, ‘ಮಿಷನ್’ ಎಂಬ ಫಲಕ. ಕಾಲೇಜಿನ ಹೆಸರು ಮುಚ್ಚಿ ಓದಿದರೆ ಅದು ಹುಣಸೂರಿನದೋ ಹುಬ್ಬಳ್ಳಿಯದೋ ಹೇಳಲಾಗದು. 1994ರಲ್ಲಿ ಹುಟ್ಟಿದ ನ್ಯಾಕ್, ಅಂದರೆ ಉನ್ನತ ಶಿಕ್ಷಣದ ಗುಣಮಟ್ಟ ಅಳೆಯುವ ಮಂಡಳಿ, ಕೇಳಿತು, ಇವರು ಬರೆದರು. ಕೇಳಿದ್ದರಲ್ಲಿ ತಪ್ಪಿಲ್ಲ. ತಾನು ಏಕಿದ್ದೇನೆಂದು ಎರಡು ಮಾತಿನಲ್ಲಿ ಹೇಳಲಾರದ ಕಾಲೇಜು ಇದ್ದಾದರೂ ಏನು? ಕಾಲೇಜಿನ ಗುಣಮಟ್ಟ ಸಮಿತಿಯಲ್ಲಿ ವಿದ್ಯಾರ್ಥಿಗಳೂ ಊರಿನವರೂ ಇರಬೇಕೆಂಬ ನಿಯಮವೂ ಒಳ್ಳೆಯದೇ. ಹಿನಕಲ್‌ನಲ್ಲಿ ಮನೆ ಕಟ್ಟಿಕೊಂಡಿರುವ ನನ್ನಂಥ ನಿವೃತ್ತ ಮೇಷ್ಟರಿಗೆ ಒಂದು ಕುರ್ಚಿ, ಒಂದು ಲೋಟ ಕಾಫಿ ಸಿಕ್ಕಿದ್ದು ಅದರ ದೆಸೆಯಿಂದ.

ವಿದ್ಯಾರ್ಥಿ ಸಲಹಾ ಮಂಡಳಿಯ ಹತ್ತು ಮಕ್ಕಳ ಜೊತೆ ಕೂತು ಧ್ಯೇಯವಾಕ್ಯ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ಅವರು ಫಲಕದ ಭಾಷೆಯನ್ನೇ ಒಪ್ಪಿಸಿದರು. ಪಾಪ, ಕಂಡದ್ದೇ ಅದನ್ನು. ಎರಡನೆಯ ದಿನ ಬಿಳಿಕೆರೆ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು, ‘ಸಾರ್, ಇಂಗ್ಲಿಷ್ ಬರದೋರೂ ಇಲ್ಲಿ ಎದ್ದು ನಿಂತು ಪ್ರಶ್ನೆ ಕೇಳಬಹುದು ಅಂತ ಬರೀಬಹುದಾ?’ ಎಂದಳು. ಒಂದು ಗಳಿಗೆ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಎಲ್ಲರ ಬಾಯೂ ಬಿಚ್ಚಿತು: ಗ್ರಂಥಾಲಯದ ಬೀರುಗಳ ಬೀಗ, ಎದುರು ಮಾತಾಡಿದರೆ ಇಂಟರ್ನಲ್ ಮಾರ್ಕ್ಸ್ ಹೋಗುವ ಭಯ. ನಾಲ್ಕು ಸಂಜೆ ಜಗಳವಾಡಿ ಮೂರು ವಾಕ್ಯ ಮಾಡಿದೆವು. ಅವಳದು ಮೊದಲನೆಯದು.

ಫಲಕ ಬಂತು. ಅದರಲ್ಲಿ ‘ಗ್ಲೋಬಲ್’, ‘ಹೋಲಿಸ್ಟಿಕ್’, ‘ಎಕ್ಸಲೆನ್ಸ್’. ಕೆಳಗೆ, ವಿದ್ಯಾರ್ಥಿಗಳ ಸಹಭಾಗಿತ್ವದಲ್ಲಿ ರೂಪಿಸಿದ್ದು ಎಂಬ ಸಾಲು!

ಕೇಳಿದ್ದಕ್ಕೆ ಎರಡು ಉತ್ತರ ಸಿಕ್ಕವು. ಪರಿಶೀಲನೆಗೆ ಬರುವವರಿಗೆ ಕನ್ನಡ ಬಾರದಂತೆ. ಹಾಗಾದರೆ ಕೆಳಗೊಂದು ತರ್ಜುಮೆ ಹಾಕಿ ಸ್ವಾಮಿ, ಮಕ್ಕಳ ಮಾತನ್ನೇಕೆ ಕೊಲ್ಲುತ್ತೀರಿ? ಕಾಲೇಜಿನ ಪಾಠವನ್ನೂ ಕನ್ನಡದಲ್ಲಿ ಹೇಳಬಹುದೆಂದು ಪಟ್ಟು ಹಿಡಿದ ಕುವೆಂಪು 1956ರಿಂದ 1960ರವರೆಗೆ ಕುಲಪತಿಯಾಗಿದ್ದದ್ದು ಇದೇ ಮೈಸೂರಿನಲ್ಲಿ. ಎರಡನೆಯ ಉತ್ತರ, ಮಕ್ಕಳು ಮೂರು ವರ್ಷಕ್ಕೆ ಹೊರಟುಹೋಗುವವರು ಎಂಬುದು. ಹೋಗುವವರೇ, ಸರಿ. ಆದರೆ ಅವರ ಬದಲು ಬಂದು ಕೂರುವ ಮಗುವೂ ಇಂಥದ್ದೇ ಊರಿನದು, ಅದಕ್ಕೂ ಇಂಗ್ಲಿಷಿನ ಇದೇ ಹೆದರಿಕೆ. 1989–90ರ ಸುಮಾರಿಗೆ ರಾಜ್ಯದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳನ್ನು ನಿಲ್ಲಿಸಿದ ಮೇಲೆ ಇವರ ಪಾಲಿಗೆ ಉಳಿದದ್ದು ಇಂಥ ಸಲಹಾ ಮಂಡಳಿಗಳು. ಅಲ್ಲಿಯೂ ಸಹಿ ಇವರದು, ಮಾತು ಇನ್ನೊಬ್ಬರದು ಎಂದರೆ ಹೇಗೆ?

ಅವಳ ವಾಕ್ಯವನ್ನು ಹಾಕಿ. ಆಗದಿದ್ದರೆ ಕೆಳಗಿನ ಆ ಒಂದು ಸಾಲನ್ನಾದರೂ ಅಳಿಸಿ. ಪೇಂಟರ್ ಖರ್ಚು ನಾನು ಕೊಡುತ್ತೇನೆ.