ಮೂಲವೂ ಕೈನಕಲೂ

“ಕಚೇರಿಯಲ್ಲಿ ತಿದ್ದುಪಡಿಯಾಗಿದೆ ಎನ್ನುತ್ತಾರೆ, ಗಣಕಯಂತ್ರದ ಪರದೆಯ ಮೇಲೆ ನೋಡಿದರೆ ಹಳೆಯದೇ ಇದೆ. ಯಾರ ಮಾತನ್ನು ನಂಬುವುದು?” ಎಂಬ ಪ್ರಶ್ನೆಯು ಈಗ ಮನೆಮನೆಗಳಲ್ಲಿಯೂ ಕೇಳಿಬರುತ್ತಿದೆ. ಅನೇಕ ವೇಳೆ ಗುಮಾಸ್ತನು ಸುಳ್ಳಾಡಿರುವುದಿಲ್ಲ, ಯಂತ್ರವೂ ಕೆಟ್ಟಿರುವುದಿಲ್ಲ. ತಿದ್ದಲ್ಪಟ್ಟದ್ದು ಮೂಲ, ತೋರಿಸಲ್ಪಟ್ಟದ್ದು ನಕಲು. ಈ ನಕಲಿನ ವಿಷಯವಾಗಿ ಈ ತಿಂಗಳು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಪ್ರತಿಯೊಂದು ಜಾಲತಾಣದ ಹಿಂದೆಯೂ ಮಾಹಿತಿಯ ಭಂಡಾರವೊಂದು ಇರುವುದಷ್ಟೆ. ಇದನ್ನೇ ಡೇಟಾಬೇಸ್ ಎನ್ನುವರು. ಅದರಲ್ಲಿ ಒಬ್ಬ ವಿದ್ಯಾರ್ಥಿನಿಯ ವೃತ್ತಾಂತವೆಲ್ಲವೂ ಒಂದೇ ಕಡೆ ಇರುವುದಿಲ್ಲ. ಹೆಸರು ಒಂದು ಪಟ್ಟಿಯಲ್ಲಿ, ಅಂಕಗಳು ಇನ್ನೊಂದರಲ್ಲಿ, ಆಕೆಯ ಊರು ಯಾವ ತಾಲ್ಲೂಕಿಗೆ, ಯಾವ ಜಿಲ್ಲೆಗೆ ಸೇರಿದ್ದೆಂಬುದು ಬೇರೊಂದರಲ್ಲಿ. ಯಾರಾದರೂ ಕೇಳಿದಾಗ ಇವೆಲ್ಲವನ್ನೂ ಹುಡುಕಿ ಕೂಡಿಸಿ ಒಂದು ಸಮಗ್ರವಾದ ರೂಪವನ್ನು ಕಟ್ಟಬೇಕು. ತಂತ್ರಜ್ಞರು ಇದಕ್ಕೆ ಆಬ್ಜೆಕ್ಟ್ ಎನ್ನುತ್ತಾರೆ. ನಾವು ‘ವಸ್ತು’ ಎನ್ನೋಣ. ಸಾವಿರಾರು ಮಂದಿ ಒಂದೇ ಗಳಿಗೆಯಲ್ಲಿ ಕೇಳಿದರೆ ಭಂಡಾರವು ಬಸವಳಿಯುತ್ತದೆ. ಆದುದರಿಂದ ಒಮ್ಮೆ ಕಟ್ಟಿದ ವಸ್ತುವನ್ನು ಯಂತ್ರದ ಸ್ಮೃತಿಯಲ್ಲಿ ಕೈಗೆಟುಕುವಂತೆ ಇಟ್ಟುಕೊಂಡು, ಮುಂದೆ ಕೇಳಿದವರಿಗೆ ಅದನ್ನೇ ಕೊಡುವರು. ಗೃಹಿಣಿಯು ಒಗ್ಗರಣೆಗೆಂದು ಪ್ರತಿಸಲವೂ ಉಗ್ರಾಣಕ್ಕೆ ಓಡದೆ ಒಲೆಯ ಬಳಿಯಲ್ಲಿ ಸಾಸಿವೆ ಜೀರಿಗೆಗಳ ಡಬ್ಬಿಯನ್ನಿಟ್ಟುಕೊಳ್ಳುವಳಲ್ಲವೆ? ಅದೇ ನ್ಯಾಯ.

ಇಂಗ್ಲಿಷಿನಲ್ಲಿ ಇದಕ್ಕೆ ಕ್ಯಾಶ್ ಎಂದು ಹೆಸರು. ದುಡ್ಡಿನ ಕ್ಯಾಶಿಗೂ ಇದಕ್ಕೂ ಉಚ್ಚಾರದ ಹೊರತು ಸಂಬಂಧವಿಲ್ಲ. ಬಚ್ಚಿಡು ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದದ್ದು. ನಾವು ‘ಕೈನಕಲು’ ಎಂದು ಕರೆಯುವೆವು. ಯಂತ್ರದ ಒಳಗಣ ಸ್ಮೃತಿಯ ಮಟ್ಟಿಗೆ ಈ ಯುಕ್ತಿಯನ್ನು ಕೇಂಬ್ರಿಜ್ಜಿನ ಮಾರಿಸ್ ವಿಲ್ಕ್ಸ್ ಎಂಬ ವಿದ್ವಾಂಸರು 1965ರಲ್ಲಿಯೇ ವಿವರಿಸಿದ್ದರು. ಜಾಲತಾಣಗಳ ಉಪಯೋಗಕ್ಕಾಗಿ 2003ರಲ್ಲಿ ಬ್ರಾಡ್ ಫಿಟ್ಸ್‌ಪ್ಯಾಟ್ರಿಕ್ ಎಂಬವರು ರಚಿಸಿದ ಮೆಮ್‌ಕ್ಯಾಶ್‌ಡಿ ಎಂಬ ಸಾಧನವು ಪ್ರಸಿದ್ಧವಾಗಿದೆ.

ಆದರೆ ಸಾಸಿವೆಯು ಉಗ್ರಾಣದಲ್ಲಿಯೂ ಸಾಸಿವೆ, ಡಬ್ಬಿಯಲ್ಲಿಯೂ ಸಾಸಿವೆ. ಮಾಹಿತಿಯ ಸಂಗತಿ ಹಾಗಲ್ಲ. ನಮ್ಮ ಶಾಸ್ತ್ರಕಾರರು ಬಿಂಬ ಪ್ರತಿಬಿಂಬಗಳ ದೃಷ್ಟಾಂತವನ್ನು ಮೇಲಿಂದ ಮೇಲೆ ಕೊಡುವುದುಂಟು. ಬಿಂಬವು ಅಲುಗಿದರೆ ಕನ್ನಡಿಯೊಳಗಣ ಪ್ರತಿಬಿಂಬವು ಆ ಕ್ಷಣದಲ್ಲಿಯೇ ಅಲುಗುತ್ತದೆ. ಕೈನಕಲಾದರೋ ಪ್ರತಿಬಿಂಬವಲ್ಲ, ಚಿತ್ರಪಟ. ಎಂದೋ ತೆಗೆದ ಭಾವಚಿತ್ರದಲ್ಲಿ ಅಜ್ಜನ ಕೂದಲು ಇಂದಿಗೂ ಕಪ್ಪಾಗಿಯೇ ಇರುತ್ತದೆ!

ಇದರಿಂದ ಏನು ಹಾನಿ ಎಂದು ಕೇಳುವವರು ನಮ್ಮ ಅರಸೀಕೆರೆಯ ಚರಿತ್ರೆಯನ್ನು ನೋಡಬಹುದು. ನಮ್ಮ ಹರಪನಹಳ್ಳಿ ತಾಲ್ಲೂಕು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದು, 1953ರಲ್ಲಿ ಆ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಹೊಸದಾಗಿ ಹುಟ್ಟಿದ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ. 2021ರಲ್ಲಿ ವಿಜಯನಗರ ಜಿಲ್ಲೆಗೆ. ಊರು ಕದಲಲಿಲ್ಲ, ಕೆರೆ ಕದಲಲಿಲ್ಲ, ವಿಳಾಸ ಮಾತ್ರ ಕಾಲು ಶತಮಾನದೊಳಗೆ ಮೂರು ಸಲ ಬದಲಾಯಿತು. ಇದು ಬರಿಯ ಹೆಸರಿನ ಮಾತಲ್ಲ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371 ಜೆ ವಿಧಿಯು ಬಳ್ಳಾರಿಯೂ ಸೇರಿದಂತೆ ಆರು ಜಿಲ್ಲೆಗಳವರಿಗೆ ವಿದ್ಯಾಭ್ಯಾಸದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಯನ್ನು ದೊರಕಿಸಿತು. ದಾವಣಗೆರೆಯು ಆ ಪಟ್ಟಿಯಲ್ಲಿಲ್ಲ. ಬಳ್ಳಾರಿಯಿಂದಲೇ ಒಡೆದು ಬಂದ ವಿಜಯನಗರಕ್ಕೆ ಆ ಹಕ್ಕು ಉಳಿದಿದೆ.

ಈಗ ಹೀಗೆ ಊಹಿಸೋಣ. ನಮ್ಮ ಹೋಬಳಿಯ ಒಬ್ಬ ಬಾಲಿಕೆಯು ಪ್ರವೇಶಕ್ಕೆ ಅರ್ಜಿ ಹಾಕಿದ್ದಾಳೆ. ಭಂಡಾರದಲ್ಲಿ ಆಕೆಯ ಜಿಲ್ಲೆಯನ್ನು ಸರಿಯಾಗಿ ತಿದ್ದಲಾಗಿದೆ. ಕೈನಕಲಿನಲ್ಲಿ ಮಾತ್ರ ‘ದಾವಣಗೆರೆ’ ಎಂದೇ ನಿಂತಿದೆ. ಪಟ್ಟಿಯನ್ನು ಸಿದ್ಧಪಡಿಸುವ ಕ್ರಮವಿಧಿಯು ಶೀಘ್ರತೆಗೋಸ್ಕರ ಕೈನಕಲನ್ನೇ ಓದಿದರೆ, ಆ ಮಗುವಿನ ಹೆಸರು ಮೀಸಲಿನ ಪಟ್ಟಿಗೆ ಬರುವುದೇ ಇಲ್ಲ. ತಂದೆಯು ಬಂದು ವಿಚಾರಿಸುವ ಹೊತ್ತಿಗೆ ನಕಲು ತಾನಾಗಿ ಹೊಸದಾಗಿದ್ದರೆ ತಪ್ಪಿನ ಕುರುಹೂ ಉಳಿಯುವುದಿಲ್ಲ. ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ತೋರಿಸುವುದಕ್ಕೆ ನಕಲು ಸಾಕು, ನಿರ್ಣಯಿಸುವುದಕ್ಕೆ ಮೂಲವೇ ಬೇಕು. ಸ್ವಲ್ಪ ತಡವಾದರೆ ಆಗಲಿ.

ತೋರಿಸುವುದಕ್ಕೆ ಇಟ್ಟ ನಕಲಿಗೂ ನಿಯಮಗಳುಂಟು. ಸುಲಭವಾದದ್ದು ಆಯುಷ್ಯವನ್ನು ಗೊತ್ತುಮಾಡುವುದು; ಐದು ನಿಮಿಷವೋ ಒಂದು ಗಂಟೆಯೋ ಕಳೆದ ಮೇಲೆ ನಕಲು ತಾನೇ ನಾಶವಾಗತಕ್ಕದ್ದು. ಇದಕ್ಕಿಂತ ಉತ್ತಮವಾದದ್ದು ಮೂಲವನ್ನು ತಿದ್ದಿದವನೇ ನಕಲನ್ನೂ ಅಳಿಸುವುದು. ಇಲ್ಲಿ ಪೌರ್ವಾಪರ್ಯವನ್ನು ಗಮನಿಸಬೇಕು. ಮೊದಲು ನಕಲನ್ನು ಅಳಿಸಿ ಆಮೇಲೆ ಮೂಲವನ್ನು ತಿದ್ದಿದರೆ, ನಡುವಣ ಕ್ಷಣಾರ್ಧದಲ್ಲಿ ಇನ್ನೊಬ್ಬನು ಬಂದು ಕೇಳಬಹುದು. ನಕಲಿಲ್ಲದುದನ್ನು ಕಂಡು ಯಂತ್ರವು ಭಂಡಾರಕ್ಕೆ ಹೋಗಿ, ಇನ್ನೂ ತಿದ್ದಲ್ಪಡದ ಹಳೆಯದನ್ನೇ ತಂದು ಹೊಸ ನಕಲೆಂದು ಇಟ್ಟುಬಿಡುವುದು. ಆದಕಾರಣ ಮೊದಲು ಮೂಲದ ತಿದ್ದುಪಡಿಯು ಸ್ಥಿರಪಡಬೇಕು, ಅನಂತರ ನಕಲಿನ ನಾಶ. ಹೀಗೆ ಮಾಡಿದರೂ ಮೊದಲೇ ಹಳೆಯದನ್ನು ಓದಿಕೊಂಡು ಹೊರಟವನು ತಡವಾಗಿ ಬಂದು ಅದನ್ನು ಇಟ್ಟುಹೋಗುವ ಸಂಭವವು ಎಲ್ಲೋ ಒಮ್ಮೆ ಉಂಟಾದ್ದರಿಂದ, ಆಯುಷ್ಯದ ಮಿತಿಯನ್ನು ಬಿಡಬಾರದು.

ಇನ್ನೊಂದು ಜಾಣತನವುಂಟು. ಪ್ರತಿಯೊಬ್ಬ ವಿದ್ಯಾರ್ಥಿಯ ವಸ್ತುವಿನೊಳಗೆ ಜಿಲ್ಲೆಯ ಹೆಸರನ್ನೇ ಬರೆದಿಟ್ಟರೆ, ಜಿಲ್ಲೆ ಬದಲಾದಾಗ ತಾಲ್ಲೂಕಿನ ಸಮಸ್ತ ವಿದ್ಯಾರ್ಥಿಗಳ ನಕಲುಗಳನ್ನೂ ಹುಡುಕಿ ಅಳಿಸಬೇಕಾಗುವುದು. ಊರಿನ ಸಂಖ್ಯೆಯೊಂದನ್ನೇ ಬರೆದು, ಆ ಊರು ಎಲ್ಲಿಗೆ ಸೇರಿದ್ದೆಂಬುದನ್ನು ಬೇರೆ ಕಡೆ ಇಟ್ಟರೆ ಒಂದೇ ಕಡೆ ಅಳಿಸಿದರೆ ಸಾಕು.

ಸಂಖ್ಯೆ ಎಂದುದಕ್ಕೆ ಬೇರೊಂದು ಕಾರಣವೂ ಇದೆ. ಪ್ರತಿಯೊಂದು ನಕಲಿಗೂ ಗುರುತಿನ ಚೀಟಿಯೊಂದನ್ನು ಅಂಟಿಸಿರುತ್ತಾರೆ. ಹುಡುಕುವುದು ಆ ಚೀಟಿಯಿಂದಲೇ. ಚೀಟಿಯ ಮೇಲೆ ‘ಅರಸೀಕೆರೆ’ ಎಂದಷ್ಟೇ ಬರೆದರೆ ಗತಿಯೇನು? ಹಾಸನ ಜಿಲ್ಲೆಯಲ್ಲಿಯೂ ಅರಸೀಕೆರೆಯುಂಟು; ಅದು ತಾಲ್ಲೂಕಿನ ಮುಖ್ಯಸ್ಥಳ, ದೊಡ್ಡ ರೈಲ್ವೆ ಜಂಕ್ಷನ್. ನಮ್ಮದು ಹೋಬಳಿ. ಎರಡಕ್ಕೂ ಒಂದೇ ಚೀಟಿಯಾದರೆ ಕೊನೆಗೆ ಬಂದದ್ದು ಮೊದಲಿನದನ್ನು ಅಳಿಸಿ ಕುಳಿತುಕೊಳ್ಳುವುದು. ಹಾಸನವು 371 ಜೆ ಪಟ್ಟಿಯಲ್ಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ‘ಯಾವ ಅರಸೀಕೆರೆ?’ ಎಂದು ಕೇಳಿ ತಿಳಿದುಕೊಳ್ಳುವ ವಿವೇಕವು ಬಸ್ಸಿನ ಕಂಡಕ್ಟರಿಗೆ ಉಂಟು, ಯಂತ್ರಕ್ಕೆ ಇಲ್ಲ.