ಬಿಳಿ ಅಂಗಿಯ ಕಳ್ಳನಿಗೆ ಯಾವ ಹೆಸರು?

ಹಾಸ್ಟೆಲಿನ ಗೆಳೆಯರೇ,

ಜೋಳದ ತೆನೆ ಮುರಿದವನನ್ನು ಕಂಬಕ್ಕೆ ಕಟ್ಟಿ ಹೊಡೀತಾರೆ. ಸಾವಿರ ಮನೆಯ ಉಳಿತಾಯ ನುಂಗಿದವನಿಗೆ 'ಬನ್ನಿ ಸಾಹೇಬ್ರೇ' ಅಂತ ಕುರ್ಚಿ ಹಾಕ್ತಾರೆ. ಯಾಕೆ?

ಕಳ್ಳತನ ಬಡವರ ರಕ್ತದಲ್ಲೇ ಇದೆ ಅಂತ ಈ ವ್ಯವಸ್ಥೆ ನಂಬಿಸಿದೆ. 1871ರಲ್ಲಿ ಬ್ರಿಟಿಷರು ನಮ್ಮ ಅಲೆಮಾರಿ ಅಣ್ಣತಮ್ಮಂದಿರನ್ನು ಹುಟ್ಟಾ ಅಪರಾಧಿಗಳೆಂದು ಪಟ್ಟಿಗೆ ಸೇರಿಸುವ ಕಾಯ್ದೆ ತಂದರು. ಅದು ರದ್ದಾದದ್ದು 1952ರಲ್ಲಿ. ಕಾಯ್ದೆ ಹೋಯ್ತು, ನೋಡುವ ಕಣ್ಣು ಹೋಗಲಿಲ್ಲ.

ಅಪರಾಧಕ್ಕೆ ಬಡತನವೇ ಕಾರಣ ಅನ್ನೋ ಮಾತನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್ಲೆಂಡ್ 1939ರಲ್ಲೇ ಒಪ್ಪಲಿಲ್ಲ. ಅಂತಸ್ತುಳ್ಳವರು ತಮ್ಮ ಉದ್ಯೋಗದ ಮರೆಯಲ್ಲಿ ಮಾಡುವ ಅಪರಾಧಕ್ಕೆ 'ಬಿಳಿ ಕಾಲರ್ ಅಪರಾಧ' ಅಂತ ಹೆಸರಿಟ್ಟ. 70 ದೊಡ್ಡ ಕಂಪನಿಗಳ ದಾಖಲೆ ಕೆದಕಿದ. ಅವುಗಳ ವಿರುದ್ಧ 980 ತೀರ್ಮಾನಗಳು ಸಿಕ್ಕವು! ಕಳಂಕವಿಲ್ಲದ ಕಂಪನಿ ಒಂದೂ ಇರಲಿಲ್ಲ. ಆದರೆ ಕ್ರಿಮಿನಲ್ ಕೋರ್ಟಿನವು ಬರೀ 158. ಮಿಕ್ಕಿದ್ದೆಲ್ಲ ಸಿವಿಲ್ ಕೋರ್ಟು, ಆಯೋಗದ ಆದೇಶ, ರಾಜಿ.

1949ರಲ್ಲಿ ಪುಸ್ತಕ ಬಂತು. ಪ್ರಕಾಶಕರು ಮಾನನಷ್ಟ ಮೊಕದ್ದಮೆಗೆ ಹೆದರಿ ಕಂಪನಿಗಳ ಹೆಸರು ತೆಗೆಸಿದರು. ಹೆಸರು ಸಮೇತ ಅಚ್ಚಾಗಿದ್ದು 1983ರಲ್ಲಿ. ಅಷ್ಟೊತ್ತಿಗೆ ಬರೆದವನು ಸತ್ತು 33 ವರ್ಷ! ನಮ್ಮ ಹುಡುಗರ ಹೆಸರನ್ನು ಠಾಣೆಯ ಗೋಡೆಗೆ ಹಚ್ಚೋಕೆ ಒಂದು ದಿನ ಸಾಕು.

ದೂರದ ಅಮೆರಿಕ ನಮಗ್ಯಾಕೆ ಅನ್ನಬೇಡಿ. ನಮ್ಮ ಬೆಂಗಳೂರಿನ ಐಎಂಎ ನೋಡಿ. ಬಡ್ಡಿಯಲ್ಲ, ಹಲಾಲ್ ಲಾಭ ಅಂತ ಹೇಳಿ ಹತ್ತಾರು ಸಾವಿರ ಜನರಿಂದ ದುಡ್ಡು ಎತ್ತಿದರು. ಹೆಚ್ಚಿನವರು ಮುಸ್ಲಿಂ ಕುಟುಂಬಗಳು. 'ಇದು ಠೇವಣಿ ಅಲ್ಲ, ನೀವೆಲ್ಲ ಪಾಲುದಾರರು' ಅಂತ ಕಾಗದ ಮಾಡಿದರು. ಠೇವಣಿದಾರರನ್ನು ಕಾಯೋಕೆ ರಾಜ್ಯದಲ್ಲಿ 2004ರ ಕಾಯ್ದೆ ಇತ್ತು. ಪಾಲುದಾರ ಅನ್ನೋ ಒಂದು ಪದದ ಹಿಂದೆ ಬಚ್ಚಿಟ್ಟುಕೊಂಡರೆ ಕಾಯ್ದೆ ಕುರುಡಾಯ್ತು. 2019ರ ಜೂನಿನಲ್ಲಿ ಬಾಗಿಲು ಮುಚ್ಚಿತು, ಮಾಲೀಕ ದೇಶ ಬಿಟ್ಟ, ಜುಲೈನಲ್ಲಿ ಸಿಕ್ಕಿಬಿದ್ದ. ವಿಚಾರಣೆ ಮಾಡಬೇಕಿದ್ದ ಅಧಿಕಾರಿಗಳ ಮೇಲೇ ಲಂಚದ ಆರೋಪ! ಹೊಲ ಕಾಯಬೇಕಾದ ಬೇಲಿಯೇ ಮೇಯ್ದರೆ ಯಾರಿಗೆ ಹೇಳೋದು?

ಅದೇ ವರ್ಷ ಕೇಂದ್ರವೂ ಅಕ್ರಮ ಠೇವಣಿ ನಿಷೇಧಿಸಿ ಕಾಯ್ದೆ ಮಾಡಿತು. ಕಾಯ್ದೆಗೇನೂ ಬರವಿಲ್ಲ. ಬಿಳಿ ಅಂಗಿಯವನನ್ನು ಕಳ್ಳ ಅಂತ ಕರೆಯೋ ಬಾಯಿಗೆ ಬರ ಬಂದಿದೆ.

ಕಾಮರ್ಸು, ಕಾನೂನು ಓದುತ್ತಿರುವ ಗೆಳೆಯರೇ, ಗುಮಾಸ್ತಗಿರಿಗಷ್ಟೇ ಓದಬೇಡಿ. ಅವರ ಬ್ಯಾಲೆನ್ಸ್ ಶೀಟು ಓದೋದು ಕಲೀರಿ. ಅವರ ದಾಖಲೆ ಕೆದಕಿ. ಇಷ್ಟು ಕಾಲ ಅವರು ಪಟ್ಟಿ ಬರೆದರು, ನಾವು ಅದರಲ್ಲಿದ್ದೆವು.

ಇನ್ನು ಪಟ್ಟಿ ನಾವು ಬರೀತೀವಿ. ಹೆಸರು ಸಮೇತ.