ಹಣ್ಣೆಲೆಯ ವಿವೇಕ

ಒಂದು ಮಾತು ಒಂದು ನಾಡಿನಿಂದ ಇನ್ನೊಂದು ನಾಡಿಗೆ ಹೋದಾಗ ಅದರ ಉಚ್ಚಾರಣೆಯೊಡನೆ ಅದರ ಹವೆಯೂ ಬದಲಾಗುತ್ತದೆ. 'ಶರತ್' ಎಂದೊಡನೆ ಕನ್ನಡಿಗನ ಕಣ್ಣಮುಂದೆ ಬಂದು ನಿಲ್ಲುವುದು ಮಳೆ ತೊಳೆದ ಆಕಾಶ, ತಿಳಿಗೊಂಡ ಕೆರೆಯ ನೀರು, ಆಶ್ವೀಜದ ಬೆಳುದಿಂಗಳು, ನವರಾತ್ರಿಯ ಸಡಗರ. ಎಲೆ ಉದುರುವ ಚಿತ್ರಕ್ಕೆ ಅಲ್ಲಿ ಎಡೆಯಿಲ್ಲ. ಅದು ನಮ್ಮಲ್ಲಿ ಶಿಶಿರಕ್ಕೆ, ಮಾಘ ಫಾಲ್ಗುಣಗಳಿಗೆ ಸೇರಿದುದು. ಆದರೂ ಇಂಗ್ಲಿಷಿನ 'ಆಟಮ್' ಎಂಬುದನ್ನು ನಾವು 'ಶರತ್ಕಾಲ' ಎಂದೇ ಅನುವಾದಿಸುತ್ತ ಬಂದಿದ್ದೇವೆ. ಅಂಥ ಅನುವಾದವೊಂದನ್ನು ಪಾಠ ಹೇಳುವಾಗ, "ಶರತ್ಕಾಲದಲ್ಲಿ ಎಲೆ ಏಕೆ ಕೆಂಪಾಗುತ್ತದೆ, ಸಾರ್?" ಎಂದು ಕೇಳುವ ವಿದ್ಯಾರ್ಥಿಯನ್ನು ನಾನು ಹಲವು ಸಲ ಕಂಡಿದ್ದೇನೆ. ಪ್ರಶ್ನೆ ನ್ಯಾಯವಾದುದು. ಉತ್ತರಕ್ಕಾಗಿ ಇಂಗ್ಲೆಂಡಿನವರೆಗೆ ಹೋಗಬೇಕಾಗಿಲ್ಲ. ಶ್ರೀನಗರದ ಉದ್ಯಾನಗಳವರೆಗೆ ಹೋದರೆ ಸಾಕು.

ಕಾಶ್ಮೀರಿ ಭಾಷೆಯಲ್ಲಿ ಈ ಋತುವಿನ ಹೆಸರು 'ಹರುದ್'. ಸಂಸ್ಕೃತದ ಶಕಾರ ಆ ಭಾಷೆಯಲ್ಲಿ ಅನೇಕ ಕಡೆ ಹಕಾರವಾಗುತ್ತದೆ. ಅವರಿಗೆ ಶತವು 'ಹಥ್', ಶುಷ್ಕವು 'ಹೊಖ್', ಶರತ್ತೇ 'ಹರುದ್'. ಹಳಗನ್ನಡದ ಪಾಲು ಹೊಸಗನ್ನಡದಲ್ಲಿ ಹಾಲಾದುದನ್ನು ಬಲ್ಲವರಿಗೆ ಈ ಬಗೆಯ ಮಾರ್ಪಾಟು ಸೋಜಿಗವೆನಿಸದು. ಸೋಜಿಗವಿರುವುದು ಅರ್ಥದಲ್ಲಿ. ಒಂದೇ ಶರತ್ತು ನಮ್ಮಲ್ಲಿ ಬೆಳುದಿಂಗಳಾಯಿತು. ಅಲ್ಲಿ ಕೆಂಡದ ಬಣ್ಣದ ಎಲೆಯಾಯಿತು.

ಆ ಎಲೆ ಚಿನಾರ್ ಮರದ್ದು. ಕಾಶ್ಮೀರಿಗಳು ಅದನ್ನು 'ಬೂನಿ' ಎನ್ನುತ್ತಾರೆ. 1619ರಲ್ಲಿ ಜಹಾಂಗೀರನು ಆರಂಭಿಸಿದ ಶಾಲಿಮಾರ್, 1633ರ ಸುಮಾರಿಗೆ ನೂರ್ ಜಹಾನಳ ಅಣ್ಣ ಆಸಫ್ ಖಾನನು ಕಟ್ಟಿಸಿದ ನಿಶಾತ್, ಇಂದು ಕಾಶ್ಮೀರ ವಿಶ್ವವಿದ್ಯಾನಿಲಯದ ಆವರಣಕ್ಕೆ ಸೇರಿರುವ ನಸೀಮ್ ಬಾಗ್ - ಇವೆಲ್ಲ ಚಿನಾರ್ ಮರಗಳಿಗೆ ಹೆಸರಾದ ತಾಣಗಳು. ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ ಈ ಮರಗಳು ಮೊದಲು ಹಳದಿಗೆ, ಹಳದಿಯಿಂದ ತುಕ್ಕಿನ ಬಣ್ಣಕ್ಕೆ, ಕೊನೆಗೆ ಕಡುಗೆಂಪಿಗೆ ತಿರುಗುತ್ತವೆ. ಅದನ್ನು ಕಂಡವರೊಬ್ಬರು 'ಇದೇನು ಬೆಂಕಿ!' ಎಂದು ಪಾರಸಿಯಲ್ಲಿ ಉದ್ಗರಿಸಿದುದರಿಂದಲೇ ಚಿನಾರ್ ಎಂಬ ಹೆಸರು ಬಂದಿತೆಂದು ಜನ ಹೇಳುತ್ತಾರೆ. ಭಾಷಾಶಾಸ್ತ್ರ ಒಪ್ಪದಿದ್ದರೂ ಆ ಕಥೆಯನ್ನು ಕಣ್ಣು ಒಪ್ಪುತ್ತದೆ.

ಈ ಬೆಂಕಿ ಹೊತ್ತಿಕೊಳ್ಳುವ ಬಗೆಯನ್ನು ಸಸ್ಯಶಾಸ್ತ್ರ ಬಿಡಿಸಿ ಹೇಳಿದೆ. ಹಗಲು ಕುಗ್ಗಿ ರಾತ್ರಿ ತಣ್ಣಗಾಗುತ್ತ ಬಂದಂತೆ ಮರವು ತನ್ನ ಎಲೆಯ ಹಸುರು ದ್ರವ್ಯವನ್ನು ತಾನೇ ಒಡೆಯತೊಡಗುತ್ತದೆ. ಎಲೆಯಲ್ಲಿದ್ದ ಸಾರಜನಕದಲ್ಲಿ ಸುಮಾರು ಅರ್ಧದಷ್ಟನ್ನೂ ರಂಜಕದಲ್ಲಿ ಬಹುಭಾಗವನ್ನೂ ಹಿಂದಕ್ಕೆಳೆದು ರೆಂಬೆ, ತೊಗಟೆ, ಬೇರುಗಳಲ್ಲಿ ಕೂಡಿಡುತ್ತದೆ. ಹಸುರು ಸರಿದಾಗ, ಬೇಸಿಗೆಯುದ್ದಕ್ಕೂ ಅದರ ಮರೆಯಲ್ಲಿದ್ದ ಹಳದಿ ಹೊರಗೆ ಕಾಣುತ್ತದೆ. ಕೆಂಪಾದರೋ ಆಗ ಹೊಸದಾಗಿ ತಯಾರಾಗುವ ಬಣ್ಣ. ಬಿಸಿಲಿನ ಹಗಲು, ತಣ್ಣನೆಯ ರಾತ್ರಿ ಎರಡೂ ಕೂಡಿದ ವರ್ಷ ಅದು ಹೆಚ್ಚು. ಇತ್ತ ಎಲೆತೊಟ್ಟಿನ ಬುಡದಲ್ಲಿ ತೆಳುವಾದ ಪದರವೊಂದು ಬೆಳೆದು, ಎಲೆ ಕಳಚಿದ ಗಾಯವನ್ನು ಮುಚ್ಚಲು ಸಿದ್ಧವಾಗಿರುತ್ತದೆ. ನಾವು ಸೊಬಗೆಂದು ನೋಡಿ ನಲಿಯುವುದು ಮರಕ್ಕೆ ವರ್ಷದ ಲೆಕ್ಕ ಮುಗಿಸುವ ಕೆಲಸ.

ಚಿನಾರಿನಲ್ಲಿ ಇನ್ನೊಂದು ವಿಶೇಷವಿದೆ. ಬೇರೆ ಅನೇಕ ಮರಗಳಲ್ಲಿ ಚಿಗುರುಮೊಗ್ಗು ಎಲೆತೊಟ್ಟಿನ ಕಂಕುಳಲ್ಲಿ ಬಯಲಾಗಿ ಕಾಣುತ್ತದೆ. ಚಿನಾರಿನ ಮೊಗ್ಗಾದರೋ ಟೊಳ್ಳಾದ ತೊಟ್ಟಿನ ಬುಡದೊಳಗೆ, ಟೋಪಿಯೊಳಗೆ ತಲೆಯಿದ್ದಂತೆ ಅಡಗಿರುತ್ತದೆ. ಎಲೆ ಉದುರಿದ ಮೇಲೆಯೇ ಅದು ಕಣ್ಣಿಗೆ ಬೀಳುವುದು. ಮುಂದಿನ ವಸಂತ ಈ ಎಲೆಯ ಬುಡದಲ್ಲಿಯೇ ಬೆಳೆದಿತ್ತೆಂದಾಯಿತು. ನಮ್ಮ ಹಿರಿಯರು ಹಳದಿಗೆ ತಿರುಗಿದ ಎಲೆಯನ್ನು 'ಹಣ್ಣೆಲೆ' ಎಂದರು. ಕೊಳೆತುದೆನ್ನಲಿಲ್ಲ, ಸತ್ತುದೆನ್ನಲಿಲ್ಲ, ಹಣ್ಣಾಯಿತೆಂದರು. ಇಷ್ಟು ನಿಜವಾದ ಮಾತು ಕೈಯಲ್ಲಿರುವಾಗ, ಎಲೆ ಉದುರಿತೆಂದರೆ ಕಣ್ಣೀರು ಸುರಿಸುವ ಎರವಲು ವಿಷಾದವನ್ನು ನಮ್ಮ ಪದ್ಯಗಳಲ್ಲಿ ಏಕೆ ಬೆಳೆಸಬೇಕೋ ನನಗೆ ತಿಳಿಯದು.

ಮರ ಮಾಡಿದುದನ್ನೇ ಚಳಿನಾಡಿನ ತೋಟಗಾರನೂ ಮಾಡುತ್ತಾನೆ. ಡೇಲಿಯಾ ಗೆಡ್ಡೆಗಳನ್ನು ನೆಲ ಹೆಪ್ಪುಗಟ್ಟುವ ಮುನ್ನ ಅಗೆದು ಒಣಮರಳಿನಲ್ಲಿ ಹೂತಿಡುತ್ತಾನೆ. ಎಳೆಯ ಗಿಡಗಳ ಬುಡಕ್ಕೆ ತರಗು ಹೊದಿಸುತ್ತಾನೆ. ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ ಒಡೆಯದಂತೆ ಅವನ್ನು ಬರಿದು ಮಾಡುತ್ತಾನೆ. ಜಬರವಾನ್ ಬೆಟ್ಟದ ಅಡಿಯಲ್ಲಿ 2007ರಲ್ಲಿ ತೆರೆದ ಟ್ಯೂಲಿಪ್ ಉದ್ಯಾನದಲ್ಲಿ ಗೆಡ್ಡೆಗಳನ್ನು ಊರುವುದೂ ಈ ಶರತ್ತಿನಲ್ಲಿಯೇ. ಆ ಗೆಡ್ಡೆಗೆ ಹಲವು ವಾರಗಳ ಚಳಿ ಬೇಕು. ಚಳಿಯುಣ್ಣದ ಟ್ಯೂಲಿಪ್ ಸರಿಯಾಗಿ ಹೂ ಬಿಡದು. ಮನೆಗಳಲ್ಲಿ ಬದನೆ, ಟೊಮೇಟೊ, ಸೋರೆಗಳ ಹೋಳುಗಳನ್ನು ದಾರಕ್ಕೆ ಪೋಣಿಸಿ ಒಣಗಿಸುತ್ತಾರೆ. ಉದುರಿದ ಚಿನಾರ್ ಎಲೆಯನ್ನು ಗುಡಿಸಿ, ಅರೆಬರೆ ಸುಟ್ಟು, ನೀರು ಚಿಮುಕಿಸಿ ಇದ್ದಿಲು ಮಾಡಿ, ಬೆತ್ತದ ಬುಟ್ಟಿಯೊಳಗಿನ ಮಣ್ಣಿನ ಅಗ್ಗಿಷ್ಟಿಕೆಯಾದ 'ಕಾಂಗ್ಡಿ'ಗೆ ತುಂಬುವುದು ಹಳೆಯ ವಾಡಿಕೆ. ಹೊಗೆಯ ಬಾಧೆಯಿಂದಾಗಿ, ಸುಡುವ ಬದಲು ಗೊಬ್ಬರ ಮಾಡಬೇಕೆಂಬ ಮಾತು ಈಗ ಬಲವಾಗಿದೆ. ಅದು ಸರಿಯೂ ಹೌದು. ಡಿಸೆಂಬರ್ 21ರಿಂದ 'ಚಿಲ್ಲೈ ಕಲಾನ್' ಎಂಬ ನಲವತ್ತು ದಿನಗಳ ಕಡುಚಳಿ ಬಂದು ಕೂಡುವಾಗ ಈ ಸಿದ್ಧತೆಯೆಲ್ಲ ಮುಗಿದಿರಬೇಕು.

ಮುಗಿಯದಿದ್ದರೆ ಏನಾಗುತ್ತದೆ? 2018ರ ನವೆಂಬರ್ ಮೊದಲ ವಾರದಲ್ಲಿ ಕಾಶ್ಮೀರ ಕಣಿವೆಗೆ ಹಿಮ ಬೇಗನೆ ಬಿದ್ದಿತು. ಮರುವರ್ಷ ಅದೇ ವಾರದಲ್ಲಿ ಮತ್ತೆ ಬಿದ್ದಿತು. ಸೇಬಿನ ಮರಗಳಲ್ಲಿ ಎಲೆ ಇನ್ನೂ ಉದುರಿರಲಿಲ್ಲ. ಬರಿಯ ಕೊಂಬೆಯಾಗಿದ್ದರೆ ಜಾರಿ ಹೋಗುತ್ತಿದ್ದ ಹಿಮ ಒಂದೊಂದು ಎಲೆಯ ಮೇಲೂ ಕುಳಿತು ಭಾರವಾಯಿತು. ಕೊಂಬೆಗಳು ಸೀಳಿದವು, ಕಾಂಡಗಳೇ ಇಬ್ಭಾಗವಾದವು. ಹತ್ತಾರು ವರ್ಷ ಸಾಕಿ ಬೆಳೆಸಿದ ತೋಟಗಳು ಒಂದೆರಡು ದಿನಗಳಲ್ಲಿ ಮುರಿದು ಬಿದ್ದುವು. ಸಕಾಲದಲ್ಲಿ ಎಲೆ ಬಿಡುವುದು ಮರಕ್ಕೆ ಎಷ್ಟು ಅಗತ್ಯವೆಂಬುದಕ್ಕೆ ಇದಕ್ಕಿಂತ ಕಠಿನವಾದ ನಿದರ್ಶನ ಬೇಕಿಲ್ಲ. ಆ ಬೇಸಾಯಗಾರನ ಮುಂದೆ ನಿಂತು ಉದುರುವ ಎಲೆಯನ್ನು ಕುರಿತು ಶೋಕಗೀತೆ ಹಾಡಿದರೆ ಅವನು ಏನೆಂದಾನು?

ಚಳಿ ಕಾಣದ ನಮ್ಮ ನಾಡಿಗೂ ಈ ವಿವೇಕ ಹೊರತಲ್ಲ. ಬಂಡೀಪುರದ ಒಣಕಾಡಿನಲ್ಲಿ ತೇಗದ ಮರ ಎಲೆ ಬಿಡುವುದು ನೀರಿನ ಬಡತನಕ್ಕೆ ಹೆದರಿ; ಎಲೆಯಿದ್ದರೆ ಅದರ ಮೂಲಕ ನೀರು ಆವಿಯಾಗಿ ಹೋದೀತೆಂಬ ಎಚ್ಚರದಿಂದ. ಅಲ್ಲಿ ಹಿಮ, ಇಲ್ಲಿ ಬೇಸಗೆ. ಮರದ ನೀತಿ ಒಂದೇ. ಆದರೆ ನಮ್ಮ ಮಾವು, ಅರಳಿಗಳಲ್ಲಿ ಕೆಂಪು ಕಾಣಿಸುವುದು ಎಲೆ ಹುಟ್ಟುವಾಗ. ಚಿನಾರಿನಲ್ಲಿ ಅದು ಎಲೆ ಹೊರಟು ನಿಂತಾಗ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿನಂತಿ. 'ಆಟಮ್' ಎಂಬುದಕ್ಕೆ 'ಶರತ್' ಎಂಬ ಅನುವಾದವನ್ನು ತಿದ್ದಬೇಕಾಗಿಲ್ಲ. ಹರುದ್ ಎಂಬ ಮಾತೇ ಅದಕ್ಕೆ ಸಾಕ್ಷಿ ನಿಂತಿದೆ. ಅದು ಯಾವ ನಾಡಿನ ಶರತ್ತು, ಅಲ್ಲಿನ ಮರ ಆಗ ಏನು ಮಾಡುತ್ತಿರುತ್ತದೆ ಎಂಬುದನ್ನು ಮಾತ್ರ ವಿದ್ಯಾರ್ಥಿಗೆ ಹೇಳಿಕೊಡಬೇಕು. ಎಲೆ ಹಣ್ಣಾಗುವುದನ್ನೂ ಅದರ ಬುಡದಲ್ಲಿ ಮೊಗ್ಗಿರುವುದನ್ನೂ ತಿಳಿದ ಹುಡುಗ ಕವಿತೆಯನ್ನು ಇನ್ನಷ್ಟು ಪ್ರೀತಿಯಿಂದ ಓದುವನು. ನಾಳೆ ತಾನೇ ಬರೆದರೆ, ಕಂಡುದನ್ನು ಬರೆಯುವನು.